ಎಡಗಡೆಯ ಬಾಕ್ಸ್

ಆಂಪ್ಲಿಫೈಯರಿನ ಮುಚ್ಚಳ ತೆಗೆದಾಗ ಸುಟ್ಟ ವಾರ್ನಿಷಿನ ವಾಸನೆ ಇನ್ನೂ ಹೋಗಿರಲಿಲ್ಲ. ಸಬ್ ಇನ್‌ಸ್ಪೆಕ್ಟರ್ ಪ್ರಸನ್ನಕುಮಾರ್ ವೇದಿಕೆಯ ಮೇಲೆ ಮಂಡಿಯೂರಿ ಒಳಗೆ ಟಾರ್ಚ್ ಬಿಟ್ಟ. ಬೆಳಗಿನ ಏಳೂವರೆ. ಗಣಪತಿ ಬಂದೋಬಸ್ತಿನ ಹನ್ನೊಂದನೆಯ ದಿನ. ಅವನು ಹಾಸಿಗೆಯ ಮುಖ ಕಂಡು ನಾಲ್ಕು ದಿನವಾಗಿತ್ತು.

ಭದ್ರಾವತಿಯ ಕಾರ್ಖಾನೆ ಕಾಲೊನಿಯ ಪೆಂಡಾಲು ಅದು. ಹಿಂದಿನ ಸಂಜೆ ಏಳೂಮುಕ್ಕಾಲಿಗೆ, ವಾದ್ಯಗೋಷ್ಠಿಯ ಆರನೆಯ ಹಾಡಿನ ನಡುವೆ, ಬೇಸ್ ಗಿಟಾರಿನ ಆಂಪ್ಲಿಫೈಯರ್ ಹೊತ್ತಿಕೊಂಡಿತ್ತು. ಅದರ ಹಿಂದಿನ ಪರದೆಗೆ ಬೆಂಕಿ ತಗುಲಿತ್ತು. ಪರದೆ ಎಡಕ್ಕೆ ಕುಸಿದು ಗಾಯಕಿ ಸೌಂದರ್ಯಳ ಮೇಲೆ ಬಿದ್ದಿತ್ತು. ಆಕೆಯ ಬಲಗೈ ಮೊಣಕೈಯವರೆಗೆ ಸುಟ್ಟಿತ್ತು. ಈಗ ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದಳು.

ಧ್ವನಿವರ್ಧಕದ ಹೊಣೆ ಹೊತ್ತಿದ್ದವನು ಯೋಗರಾಜ. ಜನ ಅವನನ್ನು ಹೊಡೆಯುವ ಮೊದಲೇ ಪೊಲೀಸರು ಠಾಣೆಗೆ ಕರೆದೊಯ್ದಿದ್ದರು. ಇಂದು ಸಂಜೆ ಐದರೊಳಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕಾಗಿತ್ತು. ನಿಲ್ಲಿಸಿದರೆ, ಕಾರ್ಖಾನೆಯಲ್ಲಿ ಗುತ್ತಿಗೆ ಎಲೆಕ್ಟ್ರಿಷಿಯನ್ ಆಗಿದ್ದ ಅವನ ಗೇಟ್ ಪಾಸು ಅದೇ ದಿನ ರದ್ದಾಗುತ್ತಿತ್ತು.

ಪ್ರಸನ್ನಕುಮಾರ್ ಫ್ಯೂಸಿನ ಗೂಡನ್ನು ಬಿಚ್ಚಿದ. ಒಳಗೆ ಗಾಜಿನ ಫ್ಯೂಸ್ ಇರಲಿಲ್ಲ. ಮೂರೆಳೆ ತಾಮ್ರದ ತಂತಿಯನ್ನು ಹೊಸೆದು ಸುತ್ತಲಾಗಿತ್ತು.

"ಇದೇ ಕಾರಣ ಅಲ್ವಾ ಸಾರ್?" ಎಂದರು ಹೆಡ್ ಕಾನ್‌ಸ್ಟೇಬಲ್ ರಾಮಚಂದ್ರಪ್ಪ.

"ಬೆಂಕಿ ಹತ್ತಿದ್ದಕ್ಕೆ ಇದು ಕಾರಣ. ಅಷ್ಟೊಂದು ಬಿಸಿಯಾಗಿದ್ದಕ್ಕಲ್ಲ."

ಆಂಪ್ಲಿಫೈಯರಿನ ಹಿಂಬದಿಯಲ್ಲಿ 'ಕನಿಷ್ಠ ನಾಲ್ಕು ಓಮ್' ಎಂದು ಅಚ್ಚಾಗಿತ್ತು. ವೇದಿಕೆಯ ಬಲಕ್ಕೊಂದು, ಎಡಕ್ಕೊಂದು ಬೇಸ್ ಬಾಕ್ಸ್. ಎದೆಯೆತ್ತರ, ಕಪ್ಪು ರೆಕ್ಸಿನ್, ಮುಂದೆ ತಂತಿಯ ಜಾಲರಿ. ಎರಡರ ಬೆನ್ನ ಮೇಲೂ 'ನಾಲ್ಕು ಓಮ್' ಎಂಬ ಬಿಳಿಯ ಅಕ್ಷರ. ಪ್ರಸನ್ನಕುಮಾರ್ ಮೀಟರಿನ ಕಡ್ಡಿಗಳನ್ನು ಹಿಡಿದ. ಬಲಗಡೆಯದು ಮೂರೂ ಕಾಲು ತೋರಿಸಿತು. ಎಡಗಡೆಯದೂ ಹೆಚ್ಚುಕಡಿಮೆ ಅಷ್ಟೇ.

"ನಾಲ್ಕು ಅಂತ ಬರ್ದು ಮೂರು ಚಿಲ್ಲರೆ ಕೊಟ್ಟಿದಾನೆ! ತೂಕದಲ್ಲಿ ಮೋಸ ಮಾಡೋ ತರಕಾರಿಯವನ ಹಾಗೆ."

"ಮೋಸ ಇಲ್ಲ ರಾಮಚಂದ್ರಪ್ಪನವರೇ. ಮೀಟರು ಬರೀ ಸುರುಳಿ ತಂತಿ ಅಳೆಯುತ್ತೆ. ನಾಲ್ಕು ಓಮಿನ ಸ್ಪೀಕರಿಗೆ ಇಷ್ಟೇ ಬರಬೇಕು. ತೊಂದರೆ ಬೇರೆ. ಟ್ಯಾಂಕಿಗೆ ಒಂದು ನಲ್ಲಿ ಇದ್ದಲ್ಲಿ ಎರಡು ತೆಗೆದರೆ ನೀರು ಎರಡರಷ್ಟು ಹೋಗುತ್ತಲ್ಲ? ಹಾಗೆ. ಎರಡು ಬಾಕ್ಸ್ ಪಕ್ಕಪಕ್ಕ ಸೇರಿಸಿದರೆ ತಡೆ ಅರ್ಧವಾಗುತ್ತೆ, ನಾಲ್ಕು ಓಮ್ ಎರಡಾಗಿ ಕರೆಂಟು ಎರಡರಷ್ಟು ಹರಿಯುತ್ತೆ. ಈ ಆಂಪ್ಲಿಫೈಯರ್ ಅದನ್ನ ತಡೆಯಲ್ಲ."

"ಅಂದ್ರೆ ಯೋಗರಾಜನದೇ ತಪ್ಪು. ಮುಗೀತು. ಒಂದು ಟೀ ಕುಡಿಯೋಣ ಸಾರ್."

"ಇದೇ ಎರಡು ಬಾಕ್ಸ್ ಇಟ್ಟು ಒಂಬತ್ತು ಸಂಜೆ ಬಾರಿಸಿದಾರೆ. ಹತ್ತನೇ ದಿನ ಯಾಕೆ ಸುಟ್ಟಿತು?"

ಎಡಗಡೆಯ ಬಾಕ್ಸನ್ನು ಜೀಪಿಗೆ ಹೇರಲು ಇಬ್ಬರು ಕಾನ್‌ಸ್ಟೇಬಲ್‌ಗಳು ಏದುಸಿರು ಬಿಡುತ್ತಿದ್ದರು. ಪೆಂಡಾಲಿನ ಕಾವಲುಗಾರ ಚೌಡಪ್ಪ ಬೀಡಿ ಕಚ್ಚಿಕೊಂಡು ನೋಡುತ್ತಿದ್ದ. ಅರವತ್ತು ದಾಟಿದ ಸಣಕಲು ಆಳು.

"ಏನ್ರಪ್ಪಾ ಪೊಲೀಸ್ನೋರು! ಮೊದಲ್ನೇ ದಿನ ಇದನ್ನ ನಾನೊಬ್ನೇ ಹೆಗಲ ಮೇಲೆ ಹೊತ್ತು ತಂದಿದ್ದೆ."

"ಬಿಡು ಅಜ್ಜ, ಬೆಟ್ಟಾನೂ ಹೊತ್ತಿರ್ತೀಯ" ಎಂದು ಒಬ್ಬ ಕಾನ್‌ಸ್ಟೇಬಲ್ ನಕ್ಕ.

ಪ್ರಸನ್ನಕುಮಾರನೂ ಅದನ್ನು ಮುದುಕನ ಜಂಬವೆಂದೇ ಭಾವಿಸಿದ.

* * *

ಠಾಣೆಯಲ್ಲಿ ಗಣಪತಿ ಸಮಿತಿಯ ಅಧ್ಯಕ್ಷ ಷಡಕ್ಷರಪ್ಪ ಆಗಲೇ ಕುರ್ಚಿ ಹಿಡಿದಿದ್ದರು.

"ಭದ್ರಾವತೀಲಿ ಎರಡು ಬೇಸ್ ಬಾಕ್ಸ್ ಇಡೋ ಪೆಂಡಾಲು ನಮ್ಮದೊಂದೇ ಸಾರ್. ಜನ ಬಂದು ಬಾಕ್ಸ್ ಎಣಿಸ್ಕೊಂಡು ಹೋಗ್ತಾರೆ. ಅಂಥಾ ಕಡೆ ಹೀಗಾಯ್ತಲ್ಲ!"

ಯೋಗರಾಜನನ್ನು ಕರೆತಂದರು. ಬಾಗಿಲಲ್ಲಿ ಅವನ ಹೆಂಡತಿ ಸಂಘಮಿತ್ರಾ ನಿಂತಿದ್ದಳು. ಕೈಯಲ್ಲಿದ್ದ ತಿಂಡಿಯ ಡಬ್ಬಿಯನ್ನು ಯಾರೂ ಒಳಗೆ ಬಿಟ್ಟಿರಲಿಲ್ಲ.

"ಎರಡೂ ಬಾಕ್ಸ್ ಸರಿಯಾಗೇ ಕೆಲಸ ಮಾಡ್ತಿವೆ" ಎಂದ ಪ್ರಸನ್ನಕುಮಾರ್. "ಎರಡೂ ಸೇರಿದ್ರೆ ಎರಡು ಓಮ್. ಎಲೆಕ್ಟ್ರಿಷಿಯನ್ ನೀನು. ಗೊತ್ತಿರಲಿಲ್ವಾ?"

ಯೋಗರಾಜ ತಲೆಯೆತ್ತಿದ. ಮುಖದಲ್ಲಿ ಭಯವಿರಲಿಲ್ಲ, ಆಶ್ಚರ್ಯವಿತ್ತು.

"ಎರಡೂನಾ ಸಾರ್? ಎಡಗಡೇದೂ...?"

ಅಷ್ಟರಲ್ಲಿ ಅವನ ಕಣ್ಣು ಷಡಕ್ಷರಪ್ಪನವರ ಕಡೆ ಹೊರಳಿತು. ಬಾಯಿ ಮುಚ್ಚಿತು.

"ಹೇಳು."

"ಏನಿಲ್ಲ ಸಾರ್. ಬರ್ಕೊಳ್ಳಿ. ನನ್ನದೇ ತಪ್ಪು."

"ನೋಡಿದ್ರಾ!" ಎಂದರು ಷಡಕ್ಷರಪ್ಪ.

ಬಾಗಿಲಲ್ಲಿ ಸಂಘಮಿತ್ರಾ ಏನೋ ಹೇಳಲು ಹೊರಟಳು. ಗಂಡ ತಲೆಯಾಡಿಸಿದ. ಅವಳೂ ಸುಮ್ಮನಾದಳು.

ಮುಂದಿನವನು ಶಿವರಾಜ್. ಬೇಸ್ ಗಿಟಾರ್ ನುಡಿಸುವವನು, ಸುಟ್ಟ ಆಂಪ್ಲಿಫೈಯರಿನ ಒಡೆಯ. ಎಂಟನೆಯ ದಿನ ಅವನಿಗೂ ಯೋಗರಾಜನಿಗೂ ವಾಲ್ಯೂಮಿನ ವಿಷಯದಲ್ಲಿ ವೇದಿಕೆಯ ಮೇಲೆಯೇ ಜಗಳವಾಗಿದ್ದನ್ನು ಕಾಲೊನಿಯ ಅರ್ಧ ಜನ ಕಂಡಿದ್ದರು. ಫ್ಯೂಸಿನ ಗೂಡಿನ ತಂತಿಯನ್ನು ಮೇಜಿನ ಮೇಲಿಟ್ಟ ಕೂಡಲೇ ಶಿವರಾಜ್ ಬೆವರಿದ.

"ನಾನೇ ಸುತ್ತಿದ್ದು ಸಾರ್. ಪೆಂಡಾಲಿನ ಕರೆಂಟು ಏರಿಳಿದು ಹಾಡಿಗೊಂದು ಫ್ಯೂಸ್ ಹೋಗ್ತಿತ್ತು. ಮೂರು ವರ್ಷ ಆಯ್ತು. ಎಲ್ರೂ ಮಾಡೋದೇ."

"ಎಲ್ರೂ ಮಾಡೋದಕ್ಕೂ ಒಂದು ಕಲಂ ಇದೆ. ಎಡಗಡೆ ಬಾಕ್ಸ್ ಯಾರು ಜೋಡಿಸಿದ್ದು?"

"ಆ ಬಾಕ್ಸಿನ ವಿಷಯ ನನ್ನ ಕೇಳಬೇಡಿ ಸಾರ್. ಯೋಗರಾಜನ್ನೇ ಕೇಳಿ."

"ಯಾಕೆ?"

"ಬೇಡ ಸಾರ್."

ಪ್ರಸನ್ನಕುಮಾರನಿಗೆ ಅವನ ಮೇಲೆ ಅನುಮಾನ ಮೂಡಿತು. ಆದರೆ ನಿಲ್ಲಲಿಲ್ಲ. ಜಗಳದ ಸೇಡಿಗೆ ತನ್ನ ಅನ್ನದ ಯಂತ್ರವನ್ನೇ ಸುಟ್ಟುಕೊಳ್ಳುವವರು ಯಾರು?

ತಂಡದ ನಾಯಕ, ಕೀಬೋರ್ಡ್ ಮೇಷ್ಟ್ರು ಶಂಕರನಾರಾಯಣ ಕರೆಯದೆಯೇ ಬಂದರು. ಇಸ್ತ್ರಿ ಮಾಡಿದ ಅಂಗಿ, ಮಿತವಾದ ಮಾತು.

"ಪಾಪ, ಯೋಗರಾಜ ಕೆಟ್ಟ ಹುಡುಗನಲ್ಲ ಸಾರ್. ನಾಲ್ಕು ಓಮಿನವು ಎರಡು ಸೇರಿದ್ರೆ ಲೋಡು ತಡೆಯಲ್ಲ ಅನ್ನೋ ಅಂದಾಜಿಲ್ಲ ಅಷ್ಟೆ. ಇನ್ನೊಂದು ಮಾತು. ಬೇಸ್ ನಿಂತ ಮೇಲೂ ಹಾಡು ನಿಲ್ಲಲಿಲ್ಲ, ಗಮನಿಸಿದ್ರಾ? ನನ್ನ ಎಡಗೈ ನಡೆಸಿಬಿಡ್ತು. ಬೆಂಕಿ ಕಾಣೋವರೆಗೂ."

ಹೇಳಿಕೆಯ ಪ್ರತಿ ಪದವನ್ನೂ ಪ್ರಸನ್ನಕುಮಾರ್ ಬರೆದುಕೊಂಡ. ಕಣ್ಣು ಉರಿಯುತ್ತಿತ್ತು.

* * *

ಹನ್ನೆರಡೂವರೆಗೆ ಶಿವಮೊಗ್ಗದ ಆಸ್ಪತ್ರೆ. ಸೌಂದರ್ಯಳ ಕೈಗೆ ಬೆರಳು ಕಾಣದಂತೆ ಬಟ್ಟೆ ಸುತ್ತಿದ್ದರು. ಪಕ್ಕದಲ್ಲಿ ಅವಳ ತಾಯಿ ಜಯಶೀಲಾ ಬೀಸಣಿಗೆ ಬೀಸುತ್ತಿದ್ದರು.

"ನೀವು ಯಾವಾಗಲೂ ಎಡಗಡೆ ನಿಂತೇ ಹಾಡೋದಾ?" ಎಂದು ಕೇಳಿದ ಪ್ರಸನ್ನಕುಮಾರ್.

"ಹೂಂ ಸಾರ್. ಬೇಸಿನ ಪಕ್ಕ ನಿಂತ್ರೆ ಹೊಟ್ಟೆಯೊಳಗೆ ಗುಂಯ್ ಅನ್ನುತ್ತೆ, ಶ್ರುತಿ ತಪ್ಪುತ್ತೆ. ಎಡಗಡೆ ತಣ್ಣಗಿರುತ್ತೆ ಅಂತ ನಾಲ್ಕು ವರ್ಷದಿಂದ ಅಲ್ಲೇ ನಿಲ್ತೀನಿ. ನಿನ್ನೆ ಮಾತ್ರ ಮೊದಲ ಹಾಡಿಂದಲೇ ಸೀರೆ ನೆರಿಗೆಯೆಲ್ಲ ನಡುಗ್ತಿತ್ತು."

"ಎಡಗಡೆಯೂ ಬೇಸ್ ಬಾಕ್ಸ್ ಇತ್ತಲ್ಲ. ಅಲ್ಲಿ ತಣ್ಣಗಿರೋದು ಹೇಗೆ?"

ಸೌಂದರ್ಯ ತುಟಿ ಕಚ್ಚಿದಳು. ತಾಯಿ ಬೀಸಣಿಗೆ ನಿಲ್ಲಿಸಿದರು.

"ಹೇಳ್ಬಿಡೇ ಮಾರಾಯ್ತಿ" ಎಂದರು ಜಯಶೀಲಾ. "ಕೈಯಂತೂ ಹೋಯ್ತು. ಆ ಹುಡುಗನ ಬಾಳು ಯಾಕೆ ಹೋಗ್ಬೇಕು?"

"ಅದು ಖಾಲಿ ಸಾರ್" ಎಂದಳು ಸೌಂದರ್ಯ ಸಣ್ಣ ದನಿಯಲ್ಲಿ. "ಡಮ್ಮಿ. ಒಳಗೆ ಸ್ಪೀಕರೇ ಇಲ್ಲ. ಆಂಪ್ಲಿಫೈಯರ್ ಒಂದೇ ಬಾಕ್ಸ್ ತಡೆಯೋದು, ಸಮಿತಿಯವರಿಗೆ ಎರಡು ಕಾಣಬೇಕು. ಅದಕ್ಕೆ ಯೋಗರಾಜ ಪುಟ್ಟಪ್ಪ ಬಡಗಿ ಹತ್ರ ಖಾಲಿ ಬಾಕ್ಸ್ ಮಾಡಿಸಿ, ನಂಬೋ ಹಾಗೆ ವೈರೂ ಸಿಕ್ಕಿಸ್ತಾನೆ. ನಮ್ಮ ತಂಡದಲ್ಲಿ ಎಲ್ರಿಗೂ ಗೊತ್ತು, ಯಾರೂ ಬಾಯಿ ಬಿಡಲ್ಲ. ಗೊತ್ತಾದ್ರೆ ಭದ್ರಾವತೀಲಿ ಅವನನ್ನ ಯಾರೂ ಕರೆಯಲ್ಲ."

ಪ್ರಸನ್ನಕುಮಾರ್ ಗೋಡೆಗೆ ಒರಗಿದ. ಚೌಡಪ್ಪ ಹೇಳಿದ್ದು ಜಂಬವಾಗಿರಲಿಲ್ಲ. ಒಂಬತ್ತು ದಿನ ಖಾಲಿಯಿದ್ದ ಬಾಕ್ಸಿಗೆ ಹತ್ತನೆಯ ದಿನ ಇಬ್ಬರು ಏದುಸಿರು ಬಿಡುವಷ್ಟು ಭಾರ ಬಂದಿತ್ತು.

"ಪುಟ್ಟಪ್ಪ ಅದೇ ಥರದ ಬಾಕ್ಸ್ ಒಟ್ಟು ಎಷ್ಟು ಮಾಡಿದ?"

"ಮೂರು. ಯೋಗರಾಜಂಗೆ ಎರಡು, ಒಂದು ಸ್ಪೀಕರ್ ಇರೋದು, ಒಂದು ಖಾಲಿ. ಸ್ಪೀಕರ್ ಇರೋದು ಇನ್ನೊಂದು ಮೇಷ್ಟ್ರಿಗೆ, ಕ್ಲಾಸಿಗೆ."

* * *

ದುರ್ಗಿಗುಡಿಯಲ್ಲಿ ಒಂದು ಔಷಧಿ ಅಂಗಡಿಯ ಮಹಡಿಯ ಮೇಲೆ ಶಂಕರನಾರಾಯಣರ ಕೀಬೋರ್ಡ್ ಕ್ಲಾಸು. ಮಧ್ಯಾಹ್ನವಾದ್ದರಿಂದ ಮಕ್ಕಳಿರಲಿಲ್ಲ. ಮೇಷ್ಟ್ರು ಊಟಕ್ಕೆ ಕುಳಿತಿದ್ದರು. ಮೂಲೆಯಲ್ಲಿ ಎದೆಯೆತ್ತರದ ಕಪ್ಪು ಬಾಕ್ಸ್.

"ಊಟ ಮುಗಿಸಿ ಮೇಷ್ಟ್ರೇ. ಈ ಬಾಕ್ಸ್?"

"ಅಭ್ಯಾಸಕ್ಕೆ ಇಟ್ಟಿರೋದು ಸಾರ್. ಮುಟ್ಟಬೇಡಿ, ಬಹಳ ಭಾರ, ಬೆನ್ನು ಹಿಡ್ಕೊಳ್ಳುತ್ತೆ."

ಪ್ರಸನ್ನಕುಮಾರ್ ಪಕ್ಕದ ಹಿಡಿಗೆ ಒಂದು ಕೈ ಹಾಕಿದ. ಬಾಕ್ಸ್ ನೆಲದಿಂದ ಒಂದು ಗೇಣು ಮೇಲೆದ್ದಿತು. ಹಾಗೆಯೇ ಹಿಡಿದು ನಿಂತ.

ಶಂಕರನಾರಾಯಣ ತಟ್ಟೆಯಲ್ಲೇ ಕೈ ತೊಳೆದರು.

"ಫ್ಯೂಸ್ ಹೋಗುತ್ತೆ ಅಂದ್ಕೊಂಡಿದ್ದೆ" ಎಂದರು ಕೊನೆಗೆ. "ಫ್ಯೂಸ್ ಹೋಗಿ ಬೇಸ್ ನಿಲ್ಲಬೇಕಿತ್ತು. ಅಷ್ಟೆ. ಶಿವರಾಜ ತಂತಿ ಸುತ್ತಿದಾನೆ ಅಂತ ನನಗೇನು ಗೊತ್ತು?"

"ಯಾಕೆ ನಿಲ್ಲಬೇಕಿತ್ತು?"

"ಎರಡು ವರ್ಷದಿಂದ ಹೇಳ್ತಿದೀನಿ, ಆ ಗಿಟಾರು ಬೇಡ, ಎಡಗೈಯಲ್ಲಿ ನಾನೇ ಬೇಸ್ ನುಡಿಸ್ತೀನಿ ಅಂತ. ಸಮಿತಿಯವರು ಕೇಳಲ್ಲ. ಜನ ಶಿವರಾಜನ ಹೆಸರು ಹಿಡಿದು ಶಿಳ್ಳೆ ಹೊಡೀತಾರೆ. ತುಂಬಿದ ಸಭೇಲಿ ಒಂದ್ಸಲ ತೋರಿಸಬೇಕು ಅನ್ನಿಸ್ತು."

"ತೋರಿಸಿದ್ರಿ. ಸೌಂದರ್ಯನ ಕೈ ನೋಡ್ಕೊಂಡು ಬಂದೆ."

ಮೇಷ್ಟ್ರು ಮುಖ ಮುಚ್ಚಿಕೊಂಡರು.

* * *

ನಾಲ್ಕು ಗಂಟೆ. ಠಾಣೆಯಲ್ಲಿ ಷಡಕ್ಷರಪ್ಪ ಮತ್ತೆ ಹಾಜರಿದ್ದರು. ಪ್ರಸನ್ನಕುಮಾರ್ ಯೋಗರಾಜನನ್ನು ಮೊದಲು ಒಳಕೋಣೆಗೆ ಕರೆದ. ಸಂಘಮಿತ್ರಾಳನ್ನೂ ಕರೆದ.

"ಮೇಷ್ಟ್ರು ಒಪ್ಪಿದಾರೆ. ಆದ್ರೆ ಎಡಗಡೆ ಬಾಕ್ಸ್ ಮೊದಲು ಖಾಲಿ ಇತ್ತು ಅಂತ ನೀನು ಹೇಳಿಕೆ ಕೊಡದಿದ್ರೆ ಇದು ಕೋರ್ಟಲ್ಲಿ ನಿಲ್ಲಲ್ಲ. ಸಾಕ್ಷಿಗೆ ಸಮಿತಿಯವರ ಮುಂದೆಯೇ ಹೇಳಬೇಕು. ಹೇಳದೆ ಇದ್ರೆ ಐದು ಗಂಟೆಗೆ ಜೀಪು ಹತ್ತಬೇಕು."

ಯೋಗರಾಜ ನೆಲ ನೋಡಿದ. "ಹೇಳಿದ್ರೆ ಇನ್ಯಾರು ನನ್ನ ಕರೀತಾರೆ ಸಾರ್?"

"ಕರೀದೇ ಇದ್ರೆ ಬೇಡ" ಎಂದಳು ಸಂಘಮಿತ್ರಾ. "ಖಾಲಿ ಡಬ್ಬದ ಮರ್ಯಾದೆಗೆ ನೀನು ಜೈಲಿಗೆ ಹೋಗ್ತೀಯಾ? ಬೆಳಿಗ್ಗೆಯಿಂದ ಈ ಇಡ್ಲಿ ಹಿಡ್ಕೊಂಡು ನಿಂತಿದೀನಿ. ಹೇಳ್ತೀಯೋ, ಇಲ್ಲಾ ನಾನೇ ಹೇಳ್ಲೋ?"

ಅವನು ಹೊರಗೆ ಬಂದು ಷಡಕ್ಷರಪ್ಪನವರ ಎದುರು ಕೈಕಟ್ಟಿ ನಿಂತು ಹೇಳಿದ. ನಾಲ್ಕೇ ವಾಕ್ಯ.

ಷಡಕ್ಷರಪ್ಪನವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಹಾಗಾದ್ರೆ ನಾಲ್ಕು ವರ್ಷ... ಶುರು ದಿನ ಅದಕ್ಕೂ ಹಾರ ಹಾಕಿ ಮಂಗಳಾರತಿ ಎತ್ತಿದ್ನಲ್ಲೋ!"

ರಾಮಚಂದ್ರಪ್ಪ ಕೆಮ್ಮಿನ ನೆಪದಲ್ಲಿ ಮುಖ ತಿರುಗಿಸಿದರು. "ನಂಗಿನ್ನೂ ಒಂದು ತಿಳೀಲಿಲ್ಲ ಸಾರ್. ಮೇಷ್ಟ್ರ ಮೇಲೆ ಅನುಮಾನ ಹೇಗೆ ಬಂತು?"

"ಅವರ ಹೇಳಿಕೆಯಿಂದಲೇ. ತಂಡದವರೆಲ್ಲ ಆ ಬಾಕ್ಸಿನ ಮಾತು ಬಂದ ಕೂಡಲೇ ಬಾಯಿ ಮುಚ್ಚಿದರು. ಅವರ ಲೆಕ್ಕದಲ್ಲಿ ಅದು ಖಾಲಿ, ಯೋಗರಾಜನ ಗುಟ್ಟು ಕಾಪಾಡಬೇಕು. ಯೋಗರಾಜನಿಗೇ ಅದು ತುಂಬಿದೆ ಅಂತ ಕೇಳಿ ಆಶ್ಚರ್ಯವಾಯಿತು. ನಾನು ಬಾಕ್ಸಿನ ಮಾತೆತ್ತುವ ಮೊದಲೇ ಮೇಷ್ಟ್ರು ಒಬ್ಬರೇ ಎರಡೂ ಬಾಕ್ಸಿನ ಲೋಡು ಕೂಡಿಸಿ ಮಾತಾಡಿದ್ದು. ಖಾಲಿ ಬಾಕ್ಸಿಗೆ ಲೋಡು ಎಲ್ಲಿಂದ ಬರಬೇಕು? ಅದು ತುಂಬಿದೆ ಅಂತ ಗೊತ್ತಿದ್ದವನು ಬಾಕ್ಸ್ ಬದಲಿಸಿದವನೇ. ನಿನ್ನೆ ಬೆಳಿಗ್ಗೆ, ಚೌಡಪ್ಪ ತಿಂಡಿಗೆ ಹೋದಾಗ, ಕೀಬೋರ್ಡಿನ ಸಾಮಾನಿನ ಜೊತೆ ಆಳುಗಳ ಕೈಲಿ ತಮ್ಮ ಬಾಕ್ಸ್ ಇಳಿಸಿ, ಅದೇ ವೈರು ಸಿಕ್ಕಿಸಿ, ಖಾಲಿಯದನ್ನ ಒಯ್ದಿದ್ದಾರೆ. ಬಾಕ್ಸ್ ಎಲ್ಲಿ ಅಂತ ಕ್ಲಾಸಿನ ಮಕ್ಕಳು ಕೇಳಬಾರದಲ್ಲ, ಅದಕ್ಕೆ ಖಾಲಿಯದನ್ನ ಅದೇ ಮೂಲೆಯಲ್ಲಿಟ್ಟರು. ಇನ್ನು ಯೋಗರಾಜ ಬಾಯಿ ಬಿಡಲ್ಲ ಅನ್ನೋ ಧೈರ್ಯ. ಅದೇ ಅವರ ನಿಜವಾದ ತಪ್ಪು. ಬೆಂಕಿ ಬಯಸಿರಲಿಲ್ಲ, ನಂಬ್ತೀನಿ. ಆದ್ರೆ ಬೆಂಕಿ ಬಿದ್ದ ಮೇಲೆ ಇವನ ನಾಚಿಕೆ ಹಿಂದೆ ಬಚ್ಚಿಟ್ಟುಕೊಂಡು, ಬೆಳಿಗ್ಗೆ ಇಲ್ಲಿ ಬಂದು ಪಾಪ ಹುಡುಗ ಅಂದರು."

ಶಂಕರನಾರಾಯಣರನ್ನು ಜೀಪಿಗೆ ಹತ್ತಿಸಿದರು. ಶಿವರಾಜನ ಮೇಲೆ ನಿರ್ಲಕ್ಷ್ಯದ ಪ್ರಕರಣ ಬೇರೆಯಾಗಿ ದಾಖಲಾಯಿತು. ಯೋಗರಾಜ ಸಹಿ ಹಾಕಿ ಬೆಂಚಿನ ಮೇಲೆ ಕುಳಿತು ತಣ್ಣಗಾದ ಇಡ್ಲಿ ತಿನ್ನತೊಡಗಿದ.

ಷಡಕ್ಷರಪ್ಪ ಎದ್ದು ಅವನ ಮುಂದೆ ಬಂದು ನಿಂತರು. ಸಂಘಮಿತ್ರಾ ಸೆರಗು ಸರಿಮಾಡಿಕೊಂಡು ಬೈಗುಳಕ್ಕೆ ಸಿದ್ಧಳಾದಳು.

"ಮುಂದಿನ ವರ್ಷ ಒಂದೇ ಬಾಕ್ಸ್ ಇಡ್ತೀನಿ ಸಾರ್" ಎಂದ ಯೋಗರಾಜ, ತಲೆಯೆತ್ತದೆ. "ಕರೆದ್ರೆ."

ಷಡಕ್ಷರಪ್ಪ ಯೋಚಿಸಿದರು.

"ಒಂದೇ ಇಟ್ರೆ ಪಕ್ಕದ ಕಾಲೊನಿಯವರು ನಗಲ್ವೇನಯ್ಯ?" ಎಂದರು ಬೇಸರದಿಂದ. "ಎರಡೇ ಇಡು ಮಾರಾಯ. ಯಾವುದು ಖಾಲಿ ಅಂತ ನನಗೊಬ್ಬನಿಗೆ ಹೇಳಿಡು. ಹಾರ ತುಂಬಿದ್ದಕ್ಕೆ ಹಾಕ್ತೀನಿ."

ಪ್ರಸನ್ನಕುಮಾರನಿಗೆ ನಗಲೂ ಶಕ್ತಿಯಿರಲಿಲ್ಲ. ಅವನು ಮೇಜಿನ ಮೇಲೆ ತಲೆಯಿಟ್ಟ.