ಪರದೆಯಾಚೆಯ ಹೆಗ್ಗಣ

ಸ್ಪೀಕರಿನಲ್ಲಿ ಕೊರೆಯುವ ಸದ್ದು ಇದ್ದಕ್ಕಿದ್ದಂತೆ ಬದಲಾಯಿತು. ಚೂಟಿಯ ಕೈ ಯಂತ್ರ ನಿಲ್ಲಿಸುವ ಗೋಡೆಯ ಕೆಂಪು ಬಟನ್ನಿನತ್ತ ಹೋಯಿತು. ಅಮ್ಮ ಆ ಕೈಯನ್ನು ಹಿಡಿದುಕೊಂಡಳು.

"ಬಿಡಮ್ಮ, ಮುರಿದುಹೋಗುತ್ತೆ."

"ಮುಟ್ಟಬಾರದು. ಅದು ಹೋಗೋ ಕಡೆ ನಿಲ್ಸೋಕೆ ನಾವಿರಲ್ಲ."

"ಇಲ್ಲಿದೀವಲ್ಲ!"

ಅಮ್ಮ ಕೈ ಬಿಡಲಿಲ್ಲ.

ದಪ್ಪ ಗಾಜಿನ ಆಚೆ, ಕೊರೆಯುವ ಚಳಿಯ ಕೋಣೆಯಲ್ಲಿ, ಬೀರುವಿನಷ್ಟು ಎತ್ತರದ ಮಂಜುಗಡ್ಡೆ ನಿಂತಿತ್ತು. ಅದರ ನೆತ್ತಿಯ ಮೇಲೆ ಕೂತು ಕೊರೆಯುತ್ತಿದ್ದ ಯಂತ್ರಕ್ಕೆ ಅಮ್ಮನ ಪ್ರಯೋಗಾಲಯದಲ್ಲಿ ಎಲ್ಲರೂ ಹೆಗ್ಗಣ ಅನ್ನುತ್ತಿದ್ದರು. ಮುಂದೊಂದು ದಿನ ಅದು ಗುರುಗ್ರಹವನ್ನು ಸುತ್ತುವ ಒಂದು ಹಿಮದ ಚಂದ್ರನಿಗೆ ಹೋಗಬೇಕು. ಇಲ್ಲಿಂದ ಹೇಳಿದ ಮಾತು ಅಲ್ಲಿಗೆ ಮುಟ್ಟಲು ಮುಕ್ಕಾಲು ಗಂಟೆ ಬೇಕು. ಅದರ ಉತ್ತರ ಬರಲು ಇನ್ನೊಂದು ಮುಕ್ಕಾಲು ಗಂಟೆ. ಅದಕ್ಕೇ ಪರೀಕ್ಷೆಯ ದಿನ ಗಾಜಿಗೆ ಪರದೆ ಎಳೆದು, ಸ್ಪೀಕರ್ ಆರಿಸಿ, ಹೋಗುವ ಬರುವ ಸಂದೇಶಗಳನ್ನೂ ಅಷ್ಟೇ ಹೊತ್ತು ತಡೆದಿಟ್ಟು ಕಾಯುವುದು ಅಮ್ಮನ ಕಟ್ಟುನಿಟ್ಟು. ಇವತ್ತು ಶಾಲೆಗೆ ಅರ್ಧ ದಿನ ರಜೆ. ಮಗಳು ಗೋಗರೆದಿದ್ದಕ್ಕೆ ಪರದೆ ತೆರೆದಿತ್ತು.

ಕೊರೆಯುವುದು ನಿಧಾನವಾ, ಜೋರಾ ಎಂದು ಅಮ್ಮ ಕೇಳಿದಾಗ ಜೋರು ಅಂದವಳು ಚೂಟಿಯೇ. ಕೀ ಒತ್ತಿ ಸಂದೇಶ ಕಳಿಸಿದವಳೂ ಅವಳೇ. ಹೆಗ್ಗಣದ ಹಲ್ಲು, ಅಂದರೆ ಕೊರೆಯುವ ಮೊನೆ, ಇರುವುದೊಂದೇ, ಅದು ಮುರಿದರೆ ಈ ಸಲದ ನೌಕೆಯಲ್ಲಿ ಹೆಗ್ಗಣಕ್ಕೆ ಜಾಗವಿಲ್ಲ ಎಂದು ಅಮ್ಮನ ಜೊತೆ ಕೆಲಸ ಮಾಡುವ ವೈರಿಂಗ್ ಮಾಮ ಆಮೇಲೆ ಹೇಳಿದ.

ಈಗ ಸದ್ದು ಪೂರ್ತಿ ನಿಂತಿತು. ಹೆಗ್ಗಣ ಅಲ್ಲಾಡಲಿಲ್ಲ.

ಅಮ್ಮ ಎದ್ದು ಸ್ಪೀಕರ್ ಆರಿಸಿದಳು. ಪರದೆ ಎಳೆದಳು.

"ನಿಂಗೆ ಏನೂ ಅನ್ನಿಸಲ್ವಾ?" ಚೂಟಿ ಅಮ್ಮನ ತೋಳು ಜಗ್ಗಿದಳು.

ವೈರಿಂಗ್ ಮಾಮ ಸಮಾಧಾನ ಮಾಡಲು ನೋಡಿದ. ಪರೀಕ್ಷೆಗೆಂದು ಅಮ್ಮನೇ ಮಂಜುಗಡ್ಡೆಯೊಳಗೆ ಕಲ್ಲು ಸೇರಿಸಿಟ್ಟಿದ್ದಳಂತೆ. ಎಲ್ಲಿ ಅಂತ ಅವನಿಗೂ ಹೇಳಿರಲಿಲ್ಲವಂತೆ. ಹೆಗ್ಗಣದ ಮೂತಿಯಲ್ಲಿ ಸೆನ್ಸರ್ ಇದೆ, ಮೆತ್ತಗಿದೆಯೋ ಗಟ್ಟಿಯಿದೆಯೋ, ಬಿಸಿಯಾಯಿತೋ ಎಂದು ಅದಕ್ಕೇ ತಿಳಿಯುತ್ತದಂತೆ.

"ತಿಳೀದೆ ಹೋದ್ರೆ?"

ಮಾಮ ತಲೆ ಕೆರೆದುಕೊಂಡ. "ಆಗ ನಾನೂ ನಿಮ್ಮಮ್ಮನೂ ಗುದ್ದಲಿ ಹಿಡ್ಕೊಂಡು ಆ ಚಂದ್ರನಿಗೇ ಹೋಗ್ಬೇಕಷ್ಟೆ."

ಚೂಟಿ ಮೂಲೆಯ ಸ್ಟೂಲಿನಲ್ಲಿ ಬೆನ್ನು ತಿರುಗಿಸಿ ಕೂತಳು. ಕೋಪ ಬಹಳ ಹೊತ್ತು ಇತ್ತು. ಆಮೇಲೆ ಸುಮ್ಮನೆ ತಿರುಗಿ ನೋಡಿದಳು. ಅಮ್ಮನ ಕೈಯಲ್ಲಿದ್ದ ಚಹಾ ತಣ್ಣಗಾಗಿ ಕೆನೆಗಟ್ಟಿತ್ತು. ಒಂದು ಗುಟುಕೂ ಕುಡಿದಿರಲಿಲ್ಲ. ಕಣ್ಣು ಸಂದೇಶ ಬರುವ ಸ್ಕ್ರೀನಿನ ಮೇಲಿತ್ತು, ತುಟಿ ಒಣಗಿತ್ತು. ಇನ್ನೊಂದು ಕೈ ಮೇಜಿನ ಅಂಚನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ ಬೆರಳ ಗಿಣ್ಣುಗಳು ಬೆಳ್ಳಗಾಗಿದ್ದವು.

ಪರದೆ ಕೈಗೆಟುಕುವಷ್ಟೇ ದೂರದಲ್ಲಿತ್ತು. ಅಮ್ಮ ಒಮ್ಮೆಯೂ ಅತ್ತ ಕೈ ಚಾಚಲಿಲ್ಲ.

ಕೊನೆಗೆ ಸ್ಕ್ರೀನಿನಲ್ಲಿ ಅಕ್ಷರಗಳು ಮೂಡಿದವು. ಮಾಮ ಓದಿ ಹೇಳಿದ: ಕಲ್ಲು ತಾಗಿದ್ದು ಹೆಗ್ಗಣಕ್ಕೆ ಗೊತ್ತಾಗಿದೆ, ತಾನೇ ನಿಂತಿದೆ, ಹಲ್ಲು ಹಿಂದಕ್ಕೆಳೆದು ಪುಡಿ ಕೊಡವಿಕೊಂಡು ಪಕ್ಕದಲ್ಲಿ ನಿಧಾನವಾಗಿ ಶುರುಮಾಡಿದೆ.

ಮಾಮ ಅಮ್ಮನ ಬೆನ್ನು ತಟ್ಟಿದ. ಅಮ್ಮ ತಣ್ಣನೆಯ ಚಹಾವನ್ನು ಒಂದೇ ಸಲಕ್ಕೆ ಕುಡಿದಳು.

ಚೂಟಿ ಯೋಚಿಸುತ್ತಿದ್ದಳು. "ಅಮ್ಮ, ಇದು ಮುಕ್ಕಾಲು ಗಂಟೆ ಹಿಂದಿಂದು ಅಲ್ವಾ? ಈಗ ಏನ್ ಮಾಡ್ತಿದೆ?"

"ಗೊತ್ತಿಲ್ಲ ಮಗಳೇ."

ಪರದೆ ಸರಿಸಲೇ ಎಂದು ಮಾಮ ಚೂಟಿಯನ್ನು ಕೇಳಿದ. ಅವಳು ಬೇಡವೆಂದು ತಲೆಯಾಡಿಸಿ, ಸ್ಟೂಲನ್ನು ಎಳೆದುಕೊಂಡು ಹೋಗಿ ಅಮ್ಮನ ಪಕ್ಕ ಕೂತಳು.