ಫೋಲ್ಡರು ಬದಲಿಸುತ್ತಿದ್ದ ಜೋಗುಳ

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ.

ಮಗು ಹುಟ್ಟುವ ಮುಂಚೆಯೇ ಅಣ್ಣ ತೀರಿಕೊಂಡಿದ್ದ. ಒಂದು ಮಧ್ಯಾಹ್ನ ಅತ್ತಿಗೆ ಮಗುವನ್ನು ಒಳಕೋಣೆಯಲ್ಲಿ ಮಲಗಿಸಿ ಬಂದು, ಅಣ್ಣನ ಕಂಪ್ಯೂಟರನ್ನು ನನ್ನ ಮುಂದಿಟ್ಟರು. "ಹುಟ್ಟೋ ಮಗೂಗೆ ಅಂತ ಜೋಗುಳ ಹಾಡಿ ಇದ್ರಲ್ಲಿ ಇಟ್ಟಿದ್ರು. ಎಲ್ಲಿದೆ ನೋಡಪ್ಪ."

ಆಜ್ಞೆ ಟೈಪು ಮಾಡುವ ಕಪ್ಪು ಪರದೆ ತೆರೆದು, 'ಜೋಗುಳ' ಎಂಬ ಫೈಲನ್ನು ಹುಡುಕಿಸಿದೆ. ಫೋಟೋಗಳ ಫೋಲ್ಡರಿನಲ್ಲಿದೆ ಎಂದಿತು. ತೆರೆದರೆ ಇರಲಿಲ್ಲ. ಮತ್ತೆ ಹುಡುಕಿಸಿದರೆ ಬೇರೆ ಫೋಲ್ಡರು ತೋರಿಸಿತು. ಅಲ್ಲೂ ಇಲ್ಲ. ಅಷ್ಟು ಸೆಖೆಯಲ್ಲೂ ಕೀಬೋರ್ಡು ತಣ್ಣಗೆ ಕೊರೆಯುತ್ತಿತ್ತು.

"ಇದೇನೋ ಕಣ್ಣಾಮುಚ್ಚಾಲೆ ಆಡ್ತಿದೆ ಅತ್ತಿಗೆ," ಎಂದೆ. ತಲೆ ಕೆಟ್ಟು, ಸಿಕ್ಕ ಕೂಡಲೇ ಹಾಡಿಸು ಎಂದು ಅದೇ ಆಜ್ಞೆಗೆ ಸೇರಿಸಿದೆ.

ಅಣ್ಣನ ದನಿ ಕೇಳಿಸಿತು. ಅತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡರು. ಹಾಡು ನಡುವೆ ನಿಂತಿತು.

"ಸೌಂಡ್ ಕಮ್ಮಿ ಮಾಡೋ," ಎಂದ ಅಣ್ಣ, "ಮಗು ಎದ್ಲು."

ಒಳಕೋಣೆಯಲ್ಲಿ ಮಗು ಅತ್ತಿತು.

ಅತ್ತಿಗೆ ಮಗುವನ್ನು ಎತ್ತಿಕೊಂಡು ಓಡಿಬಂದರು. "ಇನ್ನೊಂದ್ಸಲ ಹಾಕಪ್ಪ, ಇವಳು ಕೇಳಲಿ."

ಹುಡುಕಿಸಿದೆ. ಯಾವ ಫೋಲ್ಡರೂ ಬರಲಿಲ್ಲ. ಆಮೇಲೆ ಎಷ್ಟು ಸಲ ಹುಡುಕಿಸಿದರೂ ಬಂದಿಲ್ಲ.