ಮುಚ್ಚಿಟ್ಟ ಪಾಲು

"ಊರಲ್ಲಿ ಒಂದು ಹಿಡಿ ಜೋಳ ಸಿಗಲ್ಲ, ನಿನಗೆ ಮೆಹಂದಿ ಎಲ್ಲಿಂದ ಸಿಕ್ತೇ? ಯಾವನು ತಂದ್ಕೊಟ್ಟ?"

ಅತ್ತೆ ಕಲ್ತೂಮಾಳ ಕೂಗಿಗೆ ಎಲ್ ಫಾಶರ್‌ನ ಆ ಓಣಿಯೇ ಬೆಚ್ಚಿತು. ಶೆಲ್ಲುಗಳ ಸದ್ದಿಗೂ ಜಗ್ಗದ ಬಾಯಿ ಅದು! ಸೊಸೆ ಮಸ್ತೂರಾ ಕಪ್ಪು ಬಣ್ಣದ ಪಾದಗಳನ್ನು ಬಟ್ಟೆಯೊಳಗೆ ಎಳೆದುಕೊಂಡಳು. ಆ ಊರಲ್ಲಿ ಮದುವೆಯಾದವರು ಕಾಲಿಗೆ ಹಚ್ಚುವ ಮೆಹಂದಿ ಕಪ್ಪೇ. ದಂಗೆಕೋರರು ನಗರವನ್ನು ಮುತ್ತಿ ವರ್ಷ ಕಳೆದಿತ್ತು. ದನಕ್ಕೆ ಹಾಕುವ ಶೇಂಗಾ ಹಿಂಡಿಯನ್ನೇ ನೆನೆಸಿ ಜನ ತಿನ್ನುತ್ತಿದ್ದರು. ಕಾಳು ತರುತ್ತೇನೆಂದು ಹೋದ ಒಬ್ಬನೇ ಮಗ ಅಬ್ಕರ್ ಹಿಂತಿರುಗಿರಲಿಲ್ಲ. ಮುದುಕಿ ದಿನವೂ ಅವನ ಪಾಲಿನ ಹಿಂಡಿಯನ್ನು ಹುಲ್ಲಿನ ಮುಚ್ಚಳದಡಿ ಎತ್ತಿಡುತ್ತಿದ್ದಳು. ಹಸಿದ ಸೊಸೆಯನ್ನು ಅದರ ಹತ್ತಿರ ಸುಳಿಯಗೊಡುತ್ತಿರಲಿಲ್ಲ. "ಅವನಿಲ್ಲ ಅಂತ ಗೊತ್ತಾದ ದಿನ ನನ್ನ ಗಂಟಲಲ್ಲಿ ತುತ್ತು ಇಳಿಯಲ್ಲ" ಎನ್ನುತ್ತಿದ್ದಳು.

"ನನ್ನ ಮಗ ಎಲ್ಲೋ ಉಪವಾಸ ಬಿದ್ದಿದಾನೆ, ನಿನಗೆ ಸಿಂಗಾರ! ನಾಚಿಕೆಗೆಟ್ಟೋಳೇ!"

"ಗಂಡ ಇರೋಳು ಬರಿಗಾಲಲ್ಲಿ ಇರಬಾರದು, ಮೆಹಂದಿ ಹಚ್ಕೋ ಅಂತ ನೀವೇ..."

"ಎದುರು ಮಾತಾಡ್ತೀಯಾ?"

ಕೈಗೆ ಸಿಕ್ಕ ಚೆಂಬಿನ ನೀರನ್ನು ಮುದುಕಿ ಅವಳ ಕಾಲಿಗೆ ಎರಚಿಯೇಬಿಟ್ಟಳು. ಅಯ್ಯೋ! ಮನೆಯಲ್ಲಿ ಉಳಿದಿದ್ದ ಕುಡಿಯುವ ನೀರು ಅಷ್ಟೇ...

ಮಸ್ತೂರಾಳ ಪಾದದಿಂದ ಕಪ್ಪು ಕರಗಿ ನೆಲಕ್ಕೆ ಇಳಿಯಿತು. ಮೆಹಂದಿ ನೀರಿಗೆ ಹೋಗುವುದುಂಟೇ? ಕಲ್ತೂಮಾ ಬಗ್ಗಿ ಬೆರಳಿನಿಂದ ಒರೆಸಿ ನೋಡಿದಳು.

"ಇದು ಮಸಿ... ಮಡಕೆ ಮಸಿ..."

ಗಂಡ ಸತ್ತವಳು ಸೂತಕದ ದಿನಗಳಲ್ಲಿ ಮೆಹಂದಿ ಮುಟ್ಟುವಂತಿಲ್ಲ. ಬರಿಗಾಲು ಕಂಡರೆ ಅತ್ತೆಗೆ ಗೊತ್ತಾಗಿಬಿಡುತ್ತದೆ. ಮಸಿ ಬಳಿದುಕೊಂಡು ಸೂತಕವನ್ನೂ ಅತ್ತೆಯ ಜೀವವನ್ನೂ ಕಾಪಾಡಿದ್ದಳು ಆ ಹುಡುಗಿ!

"ಯಾವಾಗ ಹೋದ?"

"ಹೋದ ತಿಂಗಳು... ಊರಾಚೆ ದಂಗೆಕೋರರು ಹಾಕಿರೋ ಮಣ್ಣೊಡ್ಡಿನ ಹತ್ರ ಗುಂಡು ಬಿತ್ತು. ನೀವು ಊಟ ಬಿಟ್ಬಿಡ್ತೀರಿ ಅಂತ... ಅತ್ತೆ, ನನಗೂ ಇನ್ಯಾರಿದಾರೆ?"

ಮುದುಕಿ ಎದೆ ಎದೆ ಬಡಿದುಕೊಂಡಳು. "ಪಾಪಿ! ನನ್ನ ಮಗನ ಸಾವು ನನ್ನಿಂದ ಮುಚ್ಚಿಟ್ಟೆಯಲ್ಲೇ! ಇಷ್ಟು ದಿನ ಒಬ್ಬಳೇ ಅಳ್ತಿದ್ದೆಯೇನೇ? ಒಬ್ಬಳೇ..."

ಅತ್ತು ಅತ್ತು ದನಿ ಬತ್ತಿದ ಮೇಲೆ ಅವಳು ತೆವಳಿಕೊಂಡು ಹೋಗಿ ಹುಲ್ಲಿನ ಮುಚ್ಚಳ ತೆಗೆದಳು. ಮಗನ ತಟ್ಟೆಯನ್ನು ಸೊಸೆಯ ಮುಂದೆ ತಳ್ಳಿದಳು.

"ತಿನ್ನು."

"ನೀವು ತಿನ್ನದೆ ನಾನು ಮುಟ್ಟಲ್ಲ."

"ಹಟಮಾರಿ ಮುಂಡೇದೇ..." ಬೈಯುತ್ತಲೇ ಕಲ್ತೂಮಾ ಒಂದು ತುತ್ತು ಬಾಯಿಗಿಟ್ಟುಕೊಂಡಳು. ಬಹಳ ಹೊತ್ತು ಅಗಿದಳು. ಕಣ್ಣು ಮುಚ್ಚಿ ನುಂಗಿದಳು.

"ಇಳೀತು ನೋಡು. ಈಗ ನೀನು ತಿನ್ನೇ, ಮಗಳೇ."